ಹಳೇ ಪದ್ಮಿನಿಗೆ ಹೊಸ ಬ್ರೇಕು!

ತೆರೆಯ ಮೇಲೆ ಹೀರೋ ಕಾಣ್ತಾನೆ, ಕಾರು ಕಾಣುತ್ತೆ. ಆ ಕಾರನ್ನು ನಿಲ್ಲಿಸುವ ಉಕ್ಕಿನ ತುಂಡು ಮಾತ್ರ ಯಾರಿಗೂ ಕಾಣೋದಿಲ್ಲ. ಷೂಟಿಂಗಿಗೆ ಹಳೇ ಕಾರು ಒದಗಿಸುವವನೊಬ್ಬನ ಅನುಭವ ಇಲ್ಲಿದೆ, ಅವನ ಮಾತಿನಲ್ಲೇ...

"ಸೌಂಡ್... ಕ್ಯಾಮೆರಾ... ಆಕ್ಷನ್!"

ಈ ಮೂರು ಮಾತು ಕೇಳಿದರೆ ಚಿತ್ರರಸಿಕರಾದ ನಿಮಗೆ ಮೈ ಜುಮ್ಮೆನ್ನಬಹುದು. ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗೆ ಆಗುತ್ತೆ. ಯಾಕೆ ಅಂತೀರಾ? ನಾನು ನಟನೂ ಅಲ್ಲ, ನಿರ್ದೇಶಕನೂ ಅಲ್ಲ. ಷೂಟಿಂಗಿಗೆ ಹಳೇ ಕಾರುಗಳನ್ನು ಬಾಡಿಗೆಗೆ ಕೊಡುವವನು. ಹಳೇ ಕಾಲದ ಕಥೆ ಅಂದಕೂಡಲೇ ಗಾಂಧಿನಗರದಿಂದ ನನಗೆ ಫೋನು ಬರುತ್ತೆ. "ಒಂದು ಅಂಬಾಸಡರ್ ಬೇಕು, ಒಂದು ಫಿಯೆಟ್ ಬೇಕು, ಹಾರ್ನ್ ಕೆಲಸ ಮಾಡಬೇಕು" ಅಂತಾರೆ. ಹಾರ್ನಿನ ಬಗ್ಗೆ ಎಲ್ಲರೂ ಕೇಳ್ತಾರೆ. ಬಣ್ಣದ ಬಗ್ಗೆ ಕೇಳ್ತಾರೆ. ಬ್ರೇಕಿನ ಬಗ್ಗೆ ಇವತ್ತಿನವರೆಗೂ ಒಬ್ಬ ಪ್ರೊಡಕ್ಷನ್ ಮ್ಯಾನೇಜರೂ ನನ್ನನ್ನು ಕೇಳಿಲ್ಲ!

ನಾನೂ ಕೇಳಿಕೊಂಡಿರಲಿಲ್ಲ. 2022ರ ಚಳಿಗಾಲದ ಒಂದು ಮಧ್ಯಾಹ್ನದವರೆಗೆ.

ಮೂರು ಅಡಿ!

ಚಿತ್ರದ ಹೆಸರು ಬೇಡ. 1980ರ ದಶಕದಲ್ಲಿ ನಡೆಯುವ ಕಥೆ. ನಂದಿ ಬೆಟ್ಟದ ಕಡೆಯ ಒಂದು ಇಳಿಜಾರು ರಸ್ತೆ. ನನ್ನ 1982ರ ಪ್ರೀಮಿಯರ್ ಪದ್ಮಿನಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಳಿದು ಬರಬೇಕು. ರಸ್ತೆ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಹತ್ತಿರ "ಕೀಚ್" ಅಂತ ನಿಲ್ಲಬೇಕು. ಗೆರೆಯಿಂದ ಹನ್ನೆರಡು ಅಡಿ ಆಚೆ ನೆಲಕ್ಕೆ ಕ್ಯಾಮೆರಾ ಇಟ್ಟಿದ್ದರು. ಅದರ ಹಿಂದೆ ಸಹಾಯಕ ಛಾಯಾಗ್ರಾಹಕ ಹುಡುಗ ಬೋರಲು ಮಲಗಿದ್ದ. ಹಾಸನದ ಕಡೆಯವನು, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಆವತ್ತು ಹೀರೋಗೆ ಡೂಪು ನಾನೇ. ತಲೆಗೊಂದು ವಿಗ್ಗು, ಕಣ್ಣಿಗೊಂದು ಕೂಲಿಂಗ್ ಗ್ಲಾಸು. ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಗೆ ಕೈ ಒಗ್ಗಿದವರು ಯೂನಿಟ್ಟಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲನೇ ಟೇಕ್, ಮೋಡ ಬಂತು. ಎರಡನೇದು, ಗೆರೆಗೆ ಮುಂಚೆಯೇ ನಿಂತೆ. ಮೂರನೇದರಲ್ಲಿ ಎಲ್ಲಿಂದಲೋ ಒಂದು ಹಸು. ನಾಲ್ಕು, ಐದು... ಪ್ರತಿ ಸಲವೂ ಕಾರನ್ನು ಮೇಲಕ್ಕೆ ಕೊಂಡೊಯ್ಯೋದು, ಅದೇ ವೇಗದಲ್ಲಿ ಇಳಿಸೋದು, ಒತ್ತಿ ನಿಲ್ಲಿಸೋದು. ಬೆಳಕು ಹೋಗುತ್ತೆ ಅಂತ ನಿರ್ದೇಶಕರು ಒಂದೇ ಸಮನೆ ಕೂಗುತ್ತಿದ್ದರು. ಬ್ರೇಕು ಆರೋದಕ್ಕೆ ಐದು ನಿಮಿಷ ಕೊಡಿ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಆರನೇ ಟೇಕು. ಗೆರೆ ಹತ್ತಿರ ಬಂತು, ಪೆಡಲು ಒತ್ತಿದೆ. ಕಾಲು ಕೆಳಗೆ ಹೋಯಿತು, ಕಾರು ಮಾತ್ರ ಮುಂದಕ್ಕೇ ಹೋಯಿತು! ಎರಡೂ ಕಾಲು ಸೇರಿಸಿ ಒತ್ತಿದೆ. ಹ್ಯಾಂಡ್‌ಬ್ರೇಕು ಎಳೆದೆ. ಸುಟ್ಟ ವಾಸನೆ ಒಳಗೆ ತುಂಬಿಕೊಂಡಿತು. ಗೆರೆ ದಾಟಿ ಒಂಬತ್ತು ಅಡಿ ಹೋಗಿ ಕಾರು ನಿಂತಿತು. ಲೆನ್ಸಿಗೂ ಬಂಪರಿಗೂ ನಡುವೆ ಉಳಿದದ್ದು ಮೂರು ಅಡಿ. ಹುಡುಗ ಕ್ಯಾಮೆರಾ ತಬ್ಬಿಕೊಂಡು ಪಕ್ಕಕ್ಕೆ ಉರುಳಿದ್ದ.

"ಶಾಟ್ ಓಕೆ! ಬೆಂಕಿ!" ಅಂತ ನಿರ್ದೇಶಕರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಟೀ ಹೊತ್ತಿಗೆ ಆ ಹುಡುಗ ನನ್ನ ಹತ್ತಿರ ಬಂದ. ಮೊಣಕೈ ತರಚಿತ್ತು. ಮೆಲ್ಲಗೆ ಕೇಳಿದ, "ಅಣ್ಣಾ, ಬ್ರೇಕ್ ಹಿಡೀಲಿಲ್ಲ ಅಲ್ವಾ?"

ನಾನು ನಕ್ಕುಬಿಟ್ಟೆ. "ಇಲ್ಲಪ್ಪಾ, ಥ್ರಿಲ್ ಇರಲಿ ಅಂತ ಬೇಕಂತಲೇ ಬಿಟ್ಟೆ" ಅಂದೆ.

ಓದುಗರೇ, ಆ ಸುಳ್ಳು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡ್ರಮ್ಮು ಯಾಕೆ ಕೈ ಕೊಟ್ಟಿತು?

ಪದ್ಮಿನಿಯನ್ನು ಬೈಯಬೇಡಿ. ಅವಳು ಒಳ್ಳೆಯವಳೇ! ಇಟಲಿಯ ಫಿಯೆಟ್ 1100ರ ಮಗಳು, ಮುಂಬಯಿಯ ಕುರ್ಲಾದಲ್ಲಿ ಬೆಳೆದವಳು. 1964ರಲ್ಲಿ ಡಿಲೈಟ್ ಅನ್ನೋ ಹೆಸರಿನಲ್ಲಿ ಬಂದಳು, 1974ರಿಂದ ಪದ್ಮಿನಿ ಆದಳು. 1089 ಸಿ.ಸಿ. ಎಂಜಿನ್, 14 ಇಂಚಿನ ಚಕ್ರ. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿ ಓಡಿ 2023ರ ಅಕ್ಟೋಬರ್ 30ಕ್ಕೆ ಅಲ್ಲಿನ ರಸ್ತೆಗೆ ಕೈಮುಗಿದಳು. ನಮ್ಮ ಮನೆಯ ಪದ್ಮಿನಿ ಅಪ್ಪ ಕೊಂಡದ್ದು. ನನ್ನ ಅಕ್ಕನ ಮದುವೆಗೆ ಹೂವು ಹೊತ್ತದ್ದೂ ಅವಳೇ, ಅಪ್ಪನನ್ನು ಕೊನೇ ಸಲ ಆಸ್ಪತ್ರೆಗೆ ಕರೆದೊಯ್ದದ್ದೂ ಅವಳೇ.

ಅವಳ ನಾಲ್ಕು ಚಕ್ರಕ್ಕೂ ಇದ್ದದ್ದು ಡ್ರಮ್ ಬ್ರೇಕು. ತಪ್ಪಲೆಯ ಹಾಗಿರೋ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂ. ಪೆಡಲು ಒತ್ತಿದರೆ ಷೂಗಳು ಅಗಲಿಕೊಂಡು ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ. ಊರೊಳಗಿನ ಓಡಾಟಕ್ಕೆ ಅಷ್ಟು ಸಾಕು. ಆದರೆ ಒಂದು ಲೆಕ್ಕ ನೆನಪಿಡಿ. ಕಾರಿನ ವೇಗ ಎರಡರಷ್ಟಾದರೆ ಅದನ್ನು ನಿಲ್ಲಿಸುವಾಗ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತೆ. ಆ ಶಾಖ ಡ್ರಮ್ಮಿನೊಳಗೆ ಮುಚ್ಚಿಟ್ಟ ಪಾತ್ರೆಯಲ್ಲಿದ್ದ ಹಾಗೆ ಕೂತುಬಿಡುತ್ತೆ. ಬಿಸಿಯಾದ ಡ್ರಮ್ಮು ಹಿಗ್ಗಿ ಷೂಗಳಿಂದ ದೂರ ಸರಿಯುತ್ತೆ. ಷೂ ಮೇಲಿನ ಲೈನಿಂಗು ಕಾದು ಹಿಡಿತ ಬಿಡುತ್ತೆ. ಒಂದು ಸಲ ನಿಲ್ಲಿಸಿದಾಗ ಗೊತ್ತಾಗೋದಿಲ್ಲ. ಆರನೇ ಸಲ ಗೊತ್ತಾಗುತ್ತೆ!

ಡಿಸ್ಕ್ ಬ್ರೇಕಿನ ರೀತಿಯೇ ಬೇರೆ. ಚಕ್ರದ ಜೊತೆ ತಿರುಗುವ ಒಂದು ಉರುಟು ತಟ್ಟೆ, ಅದನ್ನು ಎರಡೂ ಕಡೆಯಿಂದ ಚಿವುಟಿ ಹಿಡಿಯುವ ಕ್ಯಾಲಿಪರ್. ತಟ್ಟೆ ಗಾಳಿಗೆ ತೆರೆದುಕೊಂಡಿರುತ್ತೆ, ಬೇಗ ಆರುತ್ತೆ. ಬಿಸಿಯಾಗಿ ದಪ್ಪಗಾದರೂ ಪ್ಯಾಡಿನ ಕಡೆಗೇ ದಪ್ಪಗಾಗುತ್ತೆ, ದೂರ ಹೋಗೋಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕು ಹಾಕಿಕೊಂಡು ಗೆದ್ದಮೇಲೆ ಇಡೀ ಪ್ರಪಂಚ ಕಣ್ಣು ಬಿಟ್ಟಿತು. 1955ರ ಸಿಟ್ರನ್ ಡಿ.ಎಸ್. ಕಾರು ಅದನ್ನು ಸಂಸಾರಸ್ಥರ ಮನೆಗೂ ತಂದಿತು. ನಮ್ಮ ಪದ್ಮಿನಿಗೆ ಮಾತ್ರ ಆ ಭಾಗ್ಯ ಬರಲಿಲ್ಲ.

ಸರಿ, ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಸೋಣ ಅಂತ ತೀರ್ಮಾನಿಸಿದೆ. ಹಿಂದಿನ ಡ್ರಮ್ಮು ಹಾಗೇ ಇರಲಿ, ಹ್ಯಾಂಡ್‌ಬ್ರೇಕು ಅದರ ಮೇಲೇ ಕೆಲಸ ಮಾಡೋದು. ಜೆ.ಸಿ. ರಸ್ತೆಯಲ್ಲಿ ಒಂದು ಸಣ್ಣ ಕಾರಿನ ಡಿಸ್ಕು, ಕ್ಯಾಲಿಪರು ಹೊಸದಾಗಿಯೇ ಕೊಂಡೆ. ಮನೆಗೆ ತಂದು ಚಕ್ರ ಬಿಚ್ಚಿ ಹಿಡಿದು ನೋಡಿದರೆ... ಕ್ಯಾಲಿಪರಿನ ಬೋಲ್ಟು ಒಂದು ಕಡೆ, ಪದ್ಮಿನಿಯ ತೂತು ಇನ್ನೊಂದು ಕಡೆ! ಹೆಣ್ಣು ಒಂದು ಊರು, ಗಂಡು ಒಂದು ಊರು. ನಡುವೆ ಒಬ್ಬ ದಲ್ಲಾಳಿ ಬೇಕಲ್ಲ? ಆ ದಲ್ಲಾಳಿಯೇ ಬ್ರಾಕೆಟ್ಟು.

ಒಂದು ಸಂಜೆಯ ಬ್ರಾಕೆಟ್ಟು

ಮುಂದಿನ ಷೆಡ್ಯೂಲಿಗೆ ಮೂರೇ ವಾರ ಇತ್ತು. ನಮ್ಮ ಏರಿಯಾದ ವೆಲ್ಡಿಂಗ್ ಅಂಗಡಿಗೆ ಹೋದೆ. "ಇಷ್ಟೇ ತಾನೇ ಸಾರ್, ಸಾಯಂಕಾಲ ಬನ್ನಿ" ಅಂದ. ಗುಜರಿಯಿಂದ ತಂದ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿದ. ಎರಡು ತುಂಡನ್ನು 'ಎಲ್' ಆಕಾರಕ್ಕೆ ಜೋಡಿಸಿ ವೆಲ್ಡ್ ಮಾಡಿದ. ತೂತು ಸರಿಯಾಗಿ ಕೂರದಿದ್ದಾಗ ಅದನ್ನೂ ಗ್ಯಾಸಿನಲ್ಲೇ ಅಗಲ ಮಾಡಿದ. ಕರೀ ಬಣ್ಣ ಬಳಿದ. ನೋಡೋಕೆ ಲಕ್ಷಣವಾಗಿತ್ತು. ನಾನೂ ಖುಷಿಯಿಂದ ದುಡ್ಡು ಕೊಟ್ಟೆ. ತಪ್ಪು ಅವನದಲ್ಲ ಸ್ವಾಮಿ. ಗೇಟು, ಕಿಟಕಿ ಸರಳು ಮಾಡುವವನ ಹತ್ತಿರ ಪ್ರಾಣ ಹಿಡಿದು ನಿಲ್ಲಿಸುವ ವಸ್ತು ಮಾಡಿಸಿದವನು ನಾನು.

ಬ್ರೇಕು ಚೆನ್ನಾಗಿಯೇ ಹಿಡಿಯಿತು. ಹತ್ತು ದಿನ ಓಡಿಸಿದೆ. ಆಮೇಲೆ ಒತ್ತಿದಾಗಲೆಲ್ಲ ಎಡಗಡೆಯಿಂದ "ಟಕ್" ಅನ್ನೋ ಒಂದು ಸಣ್ಣ ಸದ್ದು. ಎಲ್ಲೋ ಬುಷ್ ಸವೆದಿರಬೇಕು ಅಂದುಕೊಂಡೆ. ಸ್ನೇಹಿತನೊಬ್ಬ ಹೇಳಿದ, "ಪೀಣ್ಯದಲ್ಲಿ ಒಬ್ಬರು ಯಜಮಾನ್ರು ಇದ್ದಾರೆ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರಿಗೆ ತೋರಿಸು."

ಪೀಣ್ಯ ಎರಡನೇ ಹಂತದ ಒಂದು ಓಣಿ. ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು. ಗೋಡೆ ಮೇಲೆ ಶಂಕರ್‌ನಾಗ್ ಫೋಟೋ, ಅದಕ್ಕೊಂದು ಚಿಕ್ಕ ಹಾರ. ನಾನು ಫೋಟೋ ನೋಡಿದ್ದು ಕಂಡು ಯಜಮಾನ್ರು ಹೇಳಿದರು, "1990, ಸೆಪ್ಟೆಂಬರ್ 30. ದಾವಣಗೆರೆ ಹತ್ತಿರ ಆನಗೋಡು. ಷೂಟಿಂಗಿಗೆ ಹೊರಟ ಮನುಷ್ಯ ವಾಪಸ್ ಬರಲಿಲ್ಲ. ಅದರ ಕಥೆ ಬೇರೆ ಬಿಡಪ್ಪಾ. ಆದರೂ ಗಾಡಿ ಕೆಲಸ ಮಾಡುವಾಗೆಲ್ಲ ಒಂದು ಸಲ ಆ ಫೋಟೋ ಕಡೆ ನೋಡ್ತೀನಿ."

ಚಕ್ರ ಬಿಚ್ಚಿದರು. ಬ್ರಾಕೆಟ್ಟು ಕಳಚಿ ಬಣ್ಣ ಕೆರೆದು ಶುದ್ಧ ಮಾಡಿದರು. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿ ಮೇಲೆಲ್ಲ ಸೀಮೆಸುಣ್ಣದ ಪುಡಿ ಉಜ್ಜಿದರು. "ಈಗ ಟೀ ಕುಡಿಯೋಣ ಬಾ" ಅಂದರು.

ಟೀ ಕುಡಿದು ಬಂದು ನೋಡಿದರೆ ಬಿಳೀ ಪುಡಿಯ ಮೇಲೆ, ವೆಲ್ಡಿಂಗಿನ ಅಂಚಿಗೆ ಸರಿಯಾಗಿ, ಒಂದು ಒದ್ದೆ ಗೆರೆ! ಕೂದಲೆಳೆಯಷ್ಟು ತೆಳು, ಎರಡು ಇಂಚು ಉದ್ದ. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಜಿನುಗಿ ಪುಡಿಯನ್ನು ನೆನೆಸಿತ್ತು.

"ಇನ್ನು ನಾಲ್ಕೋ ಐದೋ ಜೋರು ಬ್ರೇಕು" ಅಂದರು ಯಜಮಾನ್ರು. "ಆಮೇಲೆ ಕ್ಯಾಲಿಪರ್ ಕಿತ್ತುಕೊಂಡು ಚಕ್ರದ ಜೊತೆ ಸುತ್ತೋದು. ಪೈಪ್ ಹರಿಯೋದು. ಎಣ್ಣೆ ಎಲ್ಲಾ ನೆಲಕ್ಕೆ. ಆಮೇಲೆ ನಿನಗೆ ಡ್ರಮ್ಮೂ ಇಲ್ಲ, ಡಿಸ್ಕೂ ಇಲ್ಲ."

ನನ್ನ ಕಣ್ಣ ಮುಂದೆ ಬಂದದ್ದು ಬೋರಲು ಮಲಗಿದ್ದ ಆ ಹುಡುಗ.

ಗೋಡೆ ಮೇಲಿನ ಲೆಕ್ಕ

ಯಜಮಾನ್ರು ಅದೇ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಲೆಕ್ಕ ಬರೆದರು. ನಿಮಗೂ ಹೇಳ್ತೀನಿ, ಗಾಬರಿ ಬೇಡ, ಎಂಟನೇ ಕ್ಲಾಸಿನ ಲೆಕ್ಕ.

ಕಾರು ಸುಮಾರು 900 ಕಿಲೋ, ಜನ ಸಾಮಾನು ಸೇರಿ 1100. ಜೋರಾಗಿ ಬ್ರೇಕು ಒತ್ತಿದಾಗ ರಸ್ತೆ ಟೈರುಗಳನ್ನು ಹಿಂದಕ್ಕೆ ತಳ್ಳುವ ಬಲ ಆ ತೂಕದ ನೂರಕ್ಕೆ ಎಂಬತ್ತರಷ್ಟು ಅಂತ ಹಿಡಿಯಿರಿ, 880 ಕಿಲೋ. ಬ್ರೇಕು ಹಾಕಿದಾಗ ಕಾರು ಮೂಗು ಬಗ್ಗಿಸುತ್ತಲ್ಲ? ಹಾಗಾಗಿ ಅದರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಎರಡು ಚಕ್ರಕ್ಕೆ. ಅಂದರೆ ಒಂದೊಂದಕ್ಕೆ 300 ಕಿಲೋ ಚಿಲ್ಲರೆ.

"ಇಷ್ಟೇನಾ?" ಅಂದೆ ನಾನು.

"ತಾಳಪ್ಪಾ. ಟೈರು ನೆಲ ಮುಟ್ಟೋದು ನಡುವಿನಿಂದ 29 ಸೆಂಟಿಮೀಟರ್ ದೂರದಲ್ಲಿ. ಪ್ಯಾಡು ಡಿಸ್ಕನ್ನು ಹಿಡಿಯೋದು ಒಂಬತ್ತೂವರೆ ಸೆಂಟಿಮೀಟರ್ ದೂರದಲ್ಲಿ. ಬಾವಿ ರಾಟೆ ತಿರುಗಿಸಿದ್ದೀಯಾ? ನಡುವಿನ ಹತ್ತಿರ ಹಿಡಿದಷ್ಟೂ ಜಾಸ್ತಿ ಬಲ ಬೇಕು. ಮೂರು ಪಟ್ಟು. ಆಗ ಎಷ್ಟಾಯ್ತು?"

900 ಕಿಲೋ ದಾಟಿತು! ಒಂದೊಂದು ಬ್ರಾಕೆಟ್ಟಿನ ಮೇಲೂ, ಪ್ರತಿ ಜೋರು ಬ್ರೇಕಿಗೂ ಅಷ್ಟು. ಅಂದರೆ ಇಡೀ ಪದ್ಮಿನಿಯನ್ನೇ ಎತ್ತಿ ಆ ಅಂಗೈಯಗಲದ ಉಕ್ಕಿನ ತುಂಡಿಗೆ ನೇತುಹಾಕಿದ ಹಾಗೆ. ಒಂದು ಸಲ ನೇತುಹಾಕಿದರೆ ಎಂಥ ಕಬ್ಬಿಣವೂ ತಡೆದೀತು. ಸಾವಿರ ಸಲ ನೇತುಹಾಕಿ ಇಳಿಸಿದರೆ ತಡೆಯಬೇಕಲ್ಲ, ಅದು ಪ್ರಶ್ನೆ.

ರಟ್ಟಿನಿಂದ ಉಕ್ಕಿಗೆ

ಮೊದಲ ಎರಡು ದಿನ ಯಜಮಾನ್ರು ಉಕ್ಕನ್ನು ಮುಟ್ಟಲೇ ಇಲ್ಲ! ನನಗೋ ಕಾಲ್‌ಷೀಟಿನ ಚಿಂತೆ. ಅವರು ಬಿಸ್ಕತ್ತಿನ ಡಬ್ಬದ ರಟ್ಟು ಕತ್ತರಿಸುತ್ತಾ ಕೂತಿದ್ದರು.

ಕ್ರಮ ಹೀಗೆ. ಮೊದಲು ಡಿಸ್ಕನ್ನು ಹಬ್ಬಿನ ಮೇಲೆ ಕೂರಿಸಬೇಕು. ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಕೂರದಿದ್ದರೆ ಲೇತಿನಲ್ಲಿ ರಿಂಗು ಕಡೆದು ಕೂರಿಸಬೇಕು. ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಮುಳ್ಳು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಲುಗಬಾರದು. ಅಲುಗಿದರೆ ಪೆಡಲು ನಡುಗುತ್ತೆ. ಆಮೇಲೆ ಕ್ಯಾಲಿಪರನ್ನು ಅದು ಇರಬೇಕಾದ ಜಾಗದಲ್ಲಿ ಹಿಡಿದು ನಿಲ್ಲಿಸಬೇಕು. ಡಿಸ್ಕು ಅದರ ಬಾಯಿಯ ನಟ್ಟನಡುವೆ ಇರಬೇಕು, ಪ್ಯಾಡು ಡಿಸ್ಕಿನ ಅಂಚು ಮೀರಿ ಹೊರಗೆ ಬರಬಾರದು. ಈಗ ಕ್ಯಾಲಿಪರಿನ ತೂತುಗಳಿಗೂ, ಹಳೇ ಡ್ರಮ್ಮಿನ ಬ್ಯಾಕ್ ಪ್ಲೇಟು ಕೂರುತ್ತಿದ್ದ ತೂತುಗಳಿಗೂ ನಡುವೆ ಎಷ್ಟು ದೂರ, ಎಷ್ಟು ಎತ್ತರ ಅಂತ ಅಳೆದು ರಟ್ಟಿಗೆ ಇಳಿಸಬೇಕು.

ರಟ್ಟು ಸರಿಹೋದಮೇಲೆ ಪ್ಲೈವುಡ್ಡು. ಪ್ಲೈವುಡ್ಡಿನ ಬ್ರಾಕೆಟ್ಟಿಗೆ ಕ್ಯಾಲಿಪರ್ ಸಿಕ್ಕಿಸಿ, ಅದರ ಮೇಲೆ ಮಕ್ಕಳು ಗೊಂಬೆ ಮಾಡುವ ಮೇಣದಂಥ ಮಣ್ಣು ಅಂಟಿಸಿ, ಚಕ್ರ ಹಾಕಿ ಕೈಯಲ್ಲಿ ತಿರುಗಿಸಿದರು. ಚಕ್ರ ಬಿಚ್ಚಿ ಮಣ್ಣು ಎಲ್ಲಿ ಕೆರೆದಿದೆ ನೋಡಿದರು. ರಿಮ್ಮಿಗೂ ಕ್ಯಾಲಿಪರಿಗೂ ನಡುವೆ ಕನಿಷ್ಠ ಮೂರು ಮಿಲಿಮೀಟರ್ ಸಂದು ಬೇಕಂತೆ. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ರಬ್ಬರ್ ಹೋಸು ಎಳೆಯುತ್ತಾ, ಎಲ್ಲಾದರೂ ಉಜ್ಜುತ್ತಾ ಅಂತ ನೋಡಿದರು. ಎರಡು ಸಲ ಪ್ಲೈವುಡ್ಡು ಎಸೆದು ಹೊಸದು ಮಾಡಿದರು.

"ಪಕ್ಕದ ಓಣಿಯಲ್ಲೇ ಲೇಸರ್ ಕಟಿಂಗ್ ಇದೆಯಲ್ಲಾ ಯಜಮಾನ್ರೇ, ಕಂಪ್ಯೂಟರಿಗೆ ಕೊಟ್ಟರೆ ಹತ್ತು ನಿಮಿಷ" ಅಂದೆ.

"ಕೊಡೋಣ. ಆದರೆ ಮಿಷನ್ನು ನೀನು ಬರೆದದ್ದನ್ನ ಕತ್ತರಿಸುತ್ತೆ. ನೀನು ತಪ್ಪು ಬರೆದರೆ ತಪ್ಪನ್ನೇ ಚೆನ್ನಾಗಿ ಕತ್ತರಿಸಿ ಕೊಡುತ್ತೆ" ಅಂದರು.

ಮೂರನೇ ದಿನ ಉಕ್ಕು ಬಂತು. ಗುಜರಿಯದಲ್ಲ, ಅಂಗಡಿಯಿಂದ ಬಿಲ್ಲಿನ ಸಮೇತ ಕೊಂಡ 12 ಮಿಲಿಮೀಟರ್ ದಪ್ಪದ ಪ್ಲೇಟು. ಹೊರ ಆಕಾರ ಮಾತ್ರ ಲೇಸರಿನಲ್ಲಿ. ತೂತುಗಳನ್ನು ಸ್ವಲ್ಪ ಚಿಕ್ಕದಾಗಿ ಡ್ರಿಲ್ ಮಾಡಿ, ರೀಮರ್ ಹಾಕಿ ಅಳತೆಗೆ ತಂದರು. ಬೋಲ್ಟು ಬೆರಳಲ್ಲಿ ತಳ್ಳಿದರೆ ಹೋಗಬೇಕು, ಆದರೆ ಅಲುಗಬಾರದು. ಒಳಮೂಲೆಗಳನ್ನೆಲ್ಲ ದುಂಡಗೆ ಮಾಡಿ ಅರದಲ್ಲಿ ನಯಗೊಳಿಸಿದರು. ಬಟ್ಟೆ ಹರಿಯೋದು ಕತ್ತರಿ ಬಿದ್ದ ಜಾಗದಿಂದಲೇ ಅಲ್ಲವೇ? ಉಕ್ಕೂ ಹಾಗೇ, ಚೂಪು ಮೂಲೆಯಿಂದಲೇ ಬಿರಿಯೋಕೆ ಶುರು. ವೆಲ್ಡಿಂಗ್ ಒಂದು ಚುಕ್ಕಿಯೂ ಇಲ್ಲ. ಎತ್ತರ ಹೊಂದಿಸೋಕೆ ಪ್ಲೇಟಿನ ಹಿಂದೆ ಲೇತಿನಲ್ಲಿ ಕಡೆದ ಗಟ್ಟಿ ಸ್ಪೇಸರ್.

ಬೋಲ್ಟಿನ ತಲೆ ಮೇಲೆ 10.9 ಅಂತ ಅಚ್ಚು ಇದ್ದದ್ದನ್ನೇ ತಂದರು. ತಲೆ ಮೇಲೆ ಏನೂ ಬರೆಯದ ಬೋಲ್ಟನ್ನು ಅವರ ಅಂಗಡಿಯಲ್ಲಿ ಬ್ರೇಕಿಗೆ ಹಾಕೋದಿಲ್ಲ. ಎರಡು ಪ್ಲೇಟು ಸೇರುವ ಕಡೆ ಬೋಲ್ಟಿನ ನಯವಾದ ಭಾಗ ಬರಬೇಕು, ಥ್ರೆಡ್ಡು ಬರಬಾರದು. ಒಳಗೆ ನೈಲಾನ್ ಇರುವ ನಟ್ಟು ಬೇಡ, ಬ್ರೇಕಿನ ಶಾಖಕ್ಕೆ ನೈಲಾನ್ ಮೆತ್ತಗಾಗುತ್ತೆ, ಪೂರ್ತಿ ಲೋಹದ ಲಾಕ್ ನಟ್ಟೇ ಬೇಕು. ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿ ಮಾಡಿ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದರು. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಅಂತ ಅರ್ಥ. ಬಗ್ಗಿ ನೋಡಿದರೆ ಸಾಕು, ಸ್ಪ್ಯಾನರೂ ಬೇಡ.

ಪದ್ಮಿನಿಯ ಒಂದು ಮೂಲ ಭಾಗವನ್ನೂ ಅವರು ಕತ್ತರಿಸಲಿಲ್ಲ. "ನಾಳೆ ನಿನ್ನ ಮಗ ಹಳೇ ಡ್ರಮ್ಮೇ ಬೇಕು ಅಂದರೆ ಬೋಲ್ಟು ಬಿಚ್ಚಿ ಹಾಕಿಕೊಳ್ಳಲಿ. ನಿಮ್ಮಪ್ಪನ ಕಾರು, ನಾನ್ಯಾಕೆ ಕೊಯ್ಯಲಿ?" ಅಂದರು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು ಅಂದರೆ ನೀವು ನಂಬಬೇಕು.

ನನ್ನ ಜಾಣತನದ ಫಲ!

ಜೋಡಿಸುವ ದಿನ ಯಜಮಾನ್ರು ಊಟಕ್ಕೆ ಹೋಗಿದ್ದಾಗ ನಾನೇ ಕ್ಯಾಲಿಪರು ಸಿಕ್ಕಿಸಿದೆ. ಎಷ್ಟು ಸಲ ಏರ್ ತೆಗೆದರೂ ಪೆಡಲು ಸ್ಪಂಜಿನ ಹಾಗೆ ಮೆತ್ತಗೆ. ಎಣ್ಣೆ ಮೇಲೆ ಎಣ್ಣೆ ಸುರಿದೆ. ಯಜಮಾನ್ರು ಬಂದು ಒಂದು ಸಲ ಬಗ್ಗಿ ನೋಡಿ ನಕ್ಕರು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದ್ದೆ! ಏರ್ ತೆಗೆಯುವ ನಿಪ್ಪಲ್ಲು ಕೆಳಗೆ ಬಂದಿತ್ತು. ಗಾಳಿ ಮೇಲಕ್ಕೆ ಹೋಗುತ್ತೆ, ನಿಪ್ಪಲ್ಲು ಕೆಳಗಿದ್ದರೆ ಎಲ್ಲಿಂದ ಹೊರಬರಬೇಕು? ಅದಲುಬದಲು ಮಾಡಿದ ಹತ್ತು ನಿಮಿಷಕ್ಕೆ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಯಿತು.

ಇನ್ನೊಂದು ಗುಟ್ಟು. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನ ಕಡೆ ಸಾಮಾನ್ಯವಾಗಿ ಒಂದು ಚಿಕ್ಕ ವಾಲ್ವು ಇರುತ್ತೆ. ಪೈಪಿನಲ್ಲಿ ಸದಾ ಸ್ವಲ್ಪ ಒತ್ತಡ ಉಳಿಸೋದು ಅದರ ಕೆಲಸ. ಡ್ರಮ್ಮಿಗೆ ಅದು ಒಳ್ಳೇದು. ಡಿಸ್ಕಿನ ಪೈಪಿಗೂ ಅದೇ ಉಳಿದರೆ ಪ್ಯಾಡು ಸದಾ ಉಜ್ಜುತ್ತಾ ಕಾಯುತ್ತೆ. ಅಲ್ಲದೆ ಡ್ರಮ್ಮಿನ ಷೂಗಳಲ್ಲಿ ಒಂದು ತಿರುಗುವ ಡ್ರಮ್ಮಿನ ಜೊತೆ ತಾನೇ ಎಳೆದುಕೊಂಡು ಬಿಗಿಯಾಗುತ್ತೆ, ಡಿಸ್ಕಿಗೆ ಆ ಗುಣ ಇಲ್ಲ. ಕಾಲಿನ ಬಲ ಜಾಸ್ತಿ ಬೇಕು. ಹಾಗಾಗಿ ಎರಡು ಸರ್ಕ್ಯೂಟಿನ ಹೊಸ ಮಾಸ್ಟರ್ ಸಿಲಿಂಡರು, ಜೊತೆಗೊಂದು ಬೂಸ್ಟರು. ಅದನ್ನು ಕೂರಿಸೋಕೆ ಮತ್ತೊಂದು ಬ್ರಾಕೆಟ್ಟು! ಎರಡು ಸರ್ಕ್ಯೂಟಿದ್ದರೆ ಒಂದು ಪೈಪು ಒಡೆದರೂ ಇನ್ನೊಂದು ಜೊತೆ ಚಕ್ರ ಹಿಡಿಯುತ್ತೆ. ಎಣ್ಣೆಯೂ ಡಾಟ್ 4, ಹೊಸ ಡಬ್ಬದ್ದು. ತೆರೆದಿಟ್ಟ ಬ್ರೇಕ್ ಆಯಿಲ್ಲು ಗಾಳಿಯ ತೇವ ಹೀರಿಕೊಳ್ಳುತ್ತೆ. ಆಮೇಲೆ ಬೆಟ್ಟದ ಇಳಿಜಾರಿನಲ್ಲಿ ಕಾದು ಕುದಿದು ಗುಳ್ಳೆ ಬಂದರೆ ಪೆಡಲು ನೇರ ನೆಲಕ್ಕೆ.

ಪರೀಕ್ಷೆ ಖಾಲಿ ಬಯಲಿನಲ್ಲಿ. ಮೊದಲು ಗಂಟೆಗೆ 20 ಕಿಲೋಮೀಟರ್, ಆಮೇಲೆ 40, ಆಮೇಲೆ 60. ಪ್ರತಿ ಸಲವೂ ಇಳಿದು ಹಳದಿ ಗೆರೆ ನೋಡೋದು. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನದು ಲಾಕ್ ಆಗುತ್ತಾ ಅಂತ ಯಜಮಾನ್ರು ಹೊರಗೆ ನಿಂತು ಗಮನಿಸಿದರು. ಹಿಂದಿನದು ಮೊದಲು ಲಾಕ್ ಆದರೆ ಕಾರು ಗಿರಕ್ಕನೆ ತಿರುಗಿಬಿಡುತ್ತೆ. ಆಗಲಿಲ್ಲ. ಹದಿನೈದು ದಿನ ಓಡಿಸಿದ ಮೇಲೆ ಮತ್ತೆ ಬ್ರಾಕೆಟ್ಟು ಬಿಚ್ಚಿಸಿದರು. ಮತ್ತೆ ಸೀಮೆಎಣ್ಣೆ, ಮತ್ತೆ ಸೀಮೆಸುಣ್ಣ, ಮತ್ತೆ ಟೀ. ಪುಡಿ ಬೆಳ್ಳಗೇ ಉಳಿಯಿತು.

ಕಾನೂನಿನ ಒಂದು ಮಾತೂ ಹೇಳಿಬಿಡ್ತೀನಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸೋದಕ್ಕೆ ಕಡಿವಾಣ ಹಾಕುತ್ತೆ. 50 ವರ್ಷ ದಾಟಿದ ಕಾರಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮವೋ, ಮೂಲ ರೂಪ ಕೆಡಬಾರದು ಅನ್ನುತ್ತೆ. ಹಾಗಾಗಿ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಸ್ಪ್ಯಾನರು ಹಿಡಿಯಿರಿ. ನಾನೂ ಹಾಗೇ ಮಾಡಿದೆ.

ಮತ್ತೆ ಅದೇ ಗೆರೆ

ಈ ಕೆಲಸಕ್ಕೆ ಹಿಡಿದದ್ದು ಆರು ವಾರ. ಷೆಡ್ಯೂಲಿಗೆ ಇದ್ದದ್ದು ಮೂರು ವಾರ. ಪ್ರೊಡಕ್ಷನ್ ಮ್ಯಾನೇಜರು ಫೋನಿನಲ್ಲಿ ಕೂಗಾಡಿದರು. "ಬ್ರೇಕು ರೆಡಿಯಿಲ್ಲ, ಕಾರು ಕೊಡೋಲ್ಲ" ಅಂದೆ. ನನ್ನ ಜೀವಮಾನದಲ್ಲಿ ಮೊದಲ ಸಲ! ಆ ಷೆಡ್ಯೂಲಿನ ಬಾಡಿಗೆ ಕೈಬಿಟ್ಟಿತು. ಬೇರೆ ದೃಶ್ಯಗಳನ್ನು ಮುಗಿಸಿಕೊಂಡು ಅವರು ಕೊನೆಗೆ ನನ್ನನ್ನೇ ಕರೆದರು.

ಅದೇ ಇಳಿಜಾರು, ಅದೇ ಪದ್ಮಿನಿ, ಅದೇ ವಿಗ್ಗು. ಅದೇ ಹುಡುಗ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ನಾನು ಹತ್ತಿರ ಹೋದೆ.

"ತಮ್ಮಾ, ಅವತ್ತು ಬ್ರೇಕು ಹಿಡೀಲಿಲ್ಲ ಕಣೋ. ನಾನು ಸುಳ್ಳು ಹೇಳಿದೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೊತ್ತಣ್ಣಾ. ನಿಮ್ಮ ಕಣ್ಣು ನನಗೆ ಲೆನ್ಸಿನಲ್ಲಿ ಕಾಣ್ತಿತ್ತು" ಅಂದ.

ಚಕ್ರದ ಹತ್ತಿರ ಕರೆದೊಯ್ದು, ಬಗ್ಗಿಸಿ ಬ್ರಾಕೆಟ್ಟು ತೋರಿಸಿದೆ. ಹಳದಿ ಗೆರೆ ತೋರಿಸಿದೆ. ಲೆಕ್ಕವನ್ನೂ ಹೇಳಿದೆ. ಎಲ್ಲಾ ಕೇಳಿಸಿಕೊಂಡ. ಆಮೇಲೆ ಎದ್ದು ಹೋಗಿ ಕ್ಯಾಮೆರಾವನ್ನು ಗೆರೆಯಿಂದ ಇನ್ನೂ ಹತ್ತು ಅಡಿ ಹಿಂದಕ್ಕೆ ಇಟ್ಟ, ಅದೂ ರಸ್ತೆಯ ನಡುವಿನಿಂದ ಪಕ್ಕಕ್ಕೆ ಸರಿಸಿ! "ಬೇಜಾರು ಮಾಡ್ಕೋಬೇಡಿ ಅಣ್ಣಾ" ಅಂದ. ಬೇಜಾರು ಯಾಕೆ? ಅವನು ಮಾಡಿದ್ದೇ ಸರಿ. ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಅದರ ಮುಂದೆ ಮನುಷ್ಯನನ್ನು ಮಲಗಿಸಬಾರದು.

ಅವತ್ತು ಎಂಟು ಟೇಕ್ ಆಯಿತು. ಎಂಟು ಸಲವೂ ಪದ್ಮಿನಿ ಗೆರೆಯ ಹತ್ತಿರವೇ ನಿಂತಳು.

ಸಿನಿಮಾ ಬಿಡುಗಡೆಯಾದಾಗ ಯಜಮಾನ್ರನ್ನು ಜೊತೆಗೆ ಕರೆದುಕೊಂಡು ಹೋದೆ. ಆ ಶಾಟು ತೆರೆ ಮೇಲೆ ನಾಲ್ಕೇ ಸೆಕೆಂಡು. ಜನ ಶಿಳ್ಳೆ ಹೊಡೆದದ್ದು ಹೀರೋಗೆ. ಟೈಟಲ್ ಕಾರ್ಡಿನಲ್ಲಿ ಯಜಮಾನ್ರ ಹೆಸರಿಲ್ಲ, ನನ್ನದೂ ಇಲ್ಲ. ಹೊರಗೆ ಬಂದಮೇಲೆ "ಹೇಗಿತ್ತು ಯಜಮಾನ್ರೇ?" ಅಂತ ಕೇಳಿದೆ.

"ಕಾರು ನಿಂತಿತಲ್ಲಪ್ಪಾ" ಅಂದರು. ಆಮೇಲೆ ಕೇಳಿದರು, "ಆ ಬೋಲ್ಟು ಮತ್ತೆ ಯಾವಾಗ ನೋಡಿದೆ?"

1968ರ 'ಜೇಡರ ಬಲೆ'ಯ ಸಿ.ಐ.ಡಿ. 999ರ ಕಾಲದಿಂದ ಈಚಿನ 'ಕೆ.ಜಿ.ಎಫ್.'ವರೆಗೆ ಹಳೇ ಕಾರಿನ ಮೋಡಿ ನಮ್ಮ ತೆರೆಗೆ ತಪ್ಪಿದ್ದಲ್ಲ. ಮುಂದೆ ಎಂದಾದರೂ ಬೆಳ್ಳಿತೆರೆಯ ಮೇಲೆ ಒಂದು ಹಳೇ ಫಿಯೆಟ್ಟೋ ಅಂಬಾಸಡರ್ರೋ ಧೂಳೆಬ್ಬಿಸಿ "ಕೀಚ್" ಅಂತ ನಿಂತರೆ, ಹೀರೋಗೆ ಶಿಳ್ಳೆ ಹೊಡೆಯಿರಿ, ಬೇಡ ಅನ್ನೋಲ್ಲ. ಮನೆಯಲ್ಲಿ ನಿಮ್ಮದೇ ಹಳೇ ಕಾರಿದ್ದರೆ ಮಾತ್ರ ನಾಳೆ ಬೆಳಗ್ಗೆ ಒಂದು ಸಲ ಚಕ್ರದ ಹಿಂದೆ ಬಗ್ಗಿ ನೋಡಿ. ಏನಂತೀರಿ?